ಉಪವಾಸಕ್ಕೆ ಹಾಕಿದ ಮರಿಗಳು

ಹೋದ ತಿಂಗಳು ಶೇಂಗಾ ಎಣ್ಣೆ ತರಲೆಂದು ರಾಯಚೂರಿನ ಗಂಜ್ ಮಾರುಕಟ್ಟೆಗೆ ಹೋಗಿದ್ದೆ. ಕೋಳಿ ಆಹಾರದ ಅಂಗಡಿಯೊಂದರ ಮುಂದೆ ಹಮಾಲರು ಒಣಮೀನಿನ ಪುಡಿಯ ಚೀಲ ಇಳಿಸುತ್ತಿದ್ದರು. ಒಂದು ಚೀಲದ ಹೊಲಿಗೆ ಬಿಚ್ಚಿ ಪುಡಿಯೆಲ್ಲ ನೆಲಕ್ಕೆ ಸುರಿಯಿತು. ಮೇಲೆ ಜಿಟಿಜಿಟಿ ಮಳೆ. ಆ ವಾಸನೆ ಎದ್ದದ್ದೇ ತಡ, ಕೈಯಲ್ಲಿದ್ದ ಡಬ್ಬಿಯನ್ನು ಅಲ್ಲೇ ಇಟ್ಟು ಗಟಾರದ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿಕೊಂಡೆ. ಅಂಗಡಿಯವನು ಚೊಂಬಿನಲ್ಲಿ ನೀರು ತಂದುಕೊಟ್ಟ. ನನ್ನ ಹಣೆಯ ಅಂಗಾರ ಅಕ್ಷತೆ ನೋಡಿ, "ಲೇ, ಬ್ಯಾಗ ಬಳೀರಿ ಅದನ್ನ. ಆಚಾರ್ರಿಗಿ ಇಂಥಾ ವಾಸನಿ ಆಗಂಗಿಲ್ಲ," ಎಂದು ಹಮಾಲರನ್ನು ಗದರಿದ.

ನಾನು ಬಾಯಿ ಮುಕ್ಕಳಿಸಿ ಚೊಂಬು ವಾಪಸು ಕೊಟ್ಟೆ. ಅವನಿಗೆ ಏನೆಂದು ಹೇಳಲಿ? ಮೀನಿನ ವಾಸನೆ ನನಗೆ ಅನ್ನ ಹಾಕುತ್ತಿರುವ ವಾಸನೆ. ದಿನಾ ಅದರಲ್ಲೇ ಇರುತ್ತೇನೆ. ಆದರೆ ಒಣಮೀನಿನ ಪುಡಿಗೆ ಮಳೆಹನಿ ಬಿದ್ದಾಗ ಬರುವ ಆ ಒಂದು ವಾಸನೆ ಮಾತ್ರ ನನ್ನನ್ನು ಕಲ್ಲೂರಿನ ಕಾಲುವೆ ದಂಡೆಯ ಒಂದು ಮಳೆಗಾಲಕ್ಕೆ ಎಳೆದುಕೊಂಡು ಹೋಗುತ್ತದೆ. ಆ ಮಳೆಗಾಲದಲ್ಲಿ ನಾನಿದ್ದ ರೀತಿ ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆ ಬರುತ್ತದೆ.

ಆಗ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮಾನ್ವಿಯ ಮನೆಯಲ್ಲಿ ಕೂತಿದ್ದೆ. ಅಪ್ಪ ಊರ ಮಠದಲ್ಲಿ ಪೂಜೆ ಮಾಡಿಕೊಂಡಿದ್ದವರು. ಸಂಘವೊಂದು ಕಲ್ಲೂರಿನ ಹತ್ತಿರ ಮೀನುಮರಿ ಸಾಕುವ ಕೇಂದ್ರ ನಡೆಸುತ್ತಿತ್ತು. ಅಲ್ಲಿ ಒಂದು ವರ್ಷದ ಗುತ್ತಿಗೆಯ ಮೇಲೆ ಸಹಾಯಕನ ಕೆಲಸ ಸಿಕ್ಕಿತು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಕೈಲೆ ಮುಟ್ಟಬೇಕಾಗ್ತದೇನೋ?"

"ಇಲ್ಲಪ್ಪ. ನಂದು ಬರಕೊಳ್ಳೋ ಕೆಲಸ."

"ಹಂಗಿದ್ರ ಹೋಗು," ಎಂದರು. ಅಮ್ಮ ಹಿತ್ತಲ ಬಾಗಿಲಲ್ಲಿ ಒಂದು ಬಕೆಟ್ ನೀರು, ಬೇರೊಂದು ಪಂಚೆ ಇಡತೊಡಗಿದಳು. ಸಂಜೆ ಅಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು. ಒಂದು ಮೀನನ್ನೂ ಮುಟ್ಟದೆ ವರ್ಷ ಕಳೆಯಬಹುದೆಂದು ನಾನೂ ನಂಬಿದ್ದೆ.

ಕೇಂದ್ರವೆಂದರೆ ಕಾಲುವೆ ದಂಡೆಗೆ ಆರು ಮಣ್ಣಿನ ಹೊಂಡ, ನಾಲ್ಕು ಸಿಮೆಂಟ್ ತೊಟ್ಟಿ, ಒಂದು ತಗಡಿನ ಶೆಡ್ಡು. ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ. ಶೆಡ್ಡಿನೊಳಗೆ ಶೇಂಗಾ ಹಿಂಡಿ, ಅಕ್ಕಿ ತೌಡು ನೆನೆದು ಹುಳಿ ಬಂದಿರುತ್ತಿದ್ದವು. ಆಷಾಢದ ಮಳೆ ಹಿಡಿದರೆ ಗೋಡೆಯ ಮೇಲೆಲ್ಲ ಲೋಳೆ. ಕರಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ಭಾರ. ಬುತ್ತಿ ಬಿಚ್ಚಿದರೆ ನನಗಿಂತ ಮೊದಲು ನೊಣ ಉಣ್ಣುತ್ತಿದ್ದವು. ಹಾಗಾಗಿ ಕಾಲುವೆಯ ಸೇತುವೆಯ ತನಕ ನಡೆದು ಹೋಗಿ ಅಲ್ಲಿ ಉಣ್ಣುತ್ತಿದ್ದೆ.

ಕೇಂದ್ರದ ಮೇಲ್ವಿಚಾರಕ ಬಸವಂತರಾಯ. ವಯಸ್ಸೆಲ್ಲ ಕಾಟ್ಲಾ, ರೋಹು ಮೀನು ಸಾಕುವುದರಲ್ಲೇ ಕಳೆದವನು. ಕೆಟ್ಟವನೆಂದು ಹೇಳಲಾರೆ, "ಗೊತ್ತಿಲ್ಲ" ಎಂಬ ಮಾತು ಮಾತ್ರ ಅವನ ಬಾಯಿಂದ ಬರುತ್ತಿರಲಿಲ್ಲ. ಮರಿಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಕಳಿಸುವುದಕ್ಕೆ ಎರಡು ದಿನ ಮೊದಲು ಅವುಗಳ ಮೇವು ನಿಲ್ಲಿಸಬೇಕೆಂಬುದು ಅಲ್ಲಿನ ಕಟ್ಟಳೆ. ಹೊಟ್ಟೆ ಖಾಲಿ ಇದ್ದರೆ ಮರಿ ಚೀಲದ ನೀರನ್ನು ಹೊಲಸು ಮಾಡುವುದಿಲ್ಲ, ದಾರಿಯಲ್ಲಿ ಸಾಯುವುದಿಲ್ಲ. ಇದಕ್ಕೆ 'ಉಪವಾಸಕ್ಕ ಹಾಕೋದು' ಎನ್ನುತ್ತಿದ್ದರು. ಕಾಟ್ಲಾ, ರೋಹುಗಳಿಗೆ ಅದು ಸರಿಯಾದ ಪದ್ಧತಿಯೇ. ಏಕಾದಶಿಯ ದಿನ ನಾನು ಬುತ್ತಿ ಇಲ್ಲದೆ ಬಂದರೆ ಬಸವಂತರಾಯ, "ಇವತ್ತ ಆಚಾರ್ರನ್ನ ಉಪವಾಸಕ್ಕ ಹಾಕ್ಯಾರ. ನಾಳಿ ಚೀಲಕ್ಕ ತುಂಬತಾರ," ಎಂದು ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ.

ಆ ಮುಂಗಾರಿಗೆ ಕೇಂದ್ರಕ್ಕೆ ಮೊದಲ ಸಲ ಕೊರಮೀನಿನ ಮರಿ ಬಂದವು. ಕೊರಮೀನಿಗೆ ಹಾವಿನಂಥ ತಲೆ, ಬೆಲೆ ಜಾಸ್ತಿ, ತೆಲಂಗಾಣದ ಕಡೆ ಅದಕ್ಕೆ ಪ್ರಾಣ ಬಿಡುತ್ತಾರೆ. ಕಾಟ್ಲಾದ ಹಾಗೆ ಹಿಂಡಿ ತೌಡು ತಿಂದು ಬೆಳೆಯುವ ಸಾಧು ಜಾತಿಯಲ್ಲ. ಹುಳ, ಕಪ್ಪೆಮರಿ, ಬೇರೆ ಮೀನು, ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಊಟ. ಬಂದಾಗ ಅಕ್ಕಿಕಾಳಿನಷ್ಟಿದ್ದ ಆರು ಸಾವಿರ ಮರಿಗಳನ್ನು ನೋಡಿಕೊಳ್ಳಲು ಹನುಮವ್ವ ಎಂಬ ಹೆಂಗಸನ್ನು ಹಚ್ಚಿದರು.

ಹನುಮವ್ವನಿಗೆ ಐವತ್ತರ ಆಸುಪಾಸು. ದೇವದುರ್ಗ ತಾಲೂಕಿನವಳು. ಭತ್ತದ ನಾಟಿಗೆಂದು ಕಲ್ಲೂರಿಗೆ ಬಂದವಳು ಅಲ್ಲೇ ಉಳಿದುಬಿಟ್ಟಿದ್ದಳು. ಕೃಷ್ಣೆಯ ಮಡುವುಗಳಲ್ಲಿ ಆಡಿ ಬೆಳೆದವಳಾದ್ದರಿಂದ ಕೊರಮೀನು ಅವಳಿಗೆ ಹೊಸದಲ್ಲ.

"ತಾಯಿ ತಂದಿ ಎರಡೂ ಕೂಡಿ ಕಾಯ್ತಾವ್ರಿ ಆಚಾರ್ರ. ಕೆಂಪನ ಮರಿ ಗುಂಪು ಮ್ಯಾಲ ಇರ್ತದ, ಇವು ಕೆಳಗ. ನಾವು ಕೈ ಹಾಕಿದ್ರ ಹಾರಿ ಕಡೀತಾವ. ಇಲ್ಲಿ ಸಿಮೆಂಟಿನಾಗ ಕಾಯೋರು ಯಾರು? ನಾವ," ಎಂದಿದ್ದಳು ಮೊದಲ ದಿನವೇ.

ಅವಳ ಕೆಲಸ ನೋಡಲು ಗಟ್ಟಿ ಹೊಟ್ಟೆ ಬೇಕು. ಬೆಳಿಗ್ಗೆ ಕೋಳಿ ಅಂಗಡಿಯಿಂದ ಬಕೆಟ್‌ನಲ್ಲಿ ಕರುಳು ಬರುತ್ತಿತ್ತು. ಅದನ್ನು ಕುದಿಸಿ, ಕಲ್ಲಿನ ಮೇಲೆ ಅರೆದು, ಒಣಮೀನಿನ ಪುಡಿ ಕಲಸಿ ಉಂಡೆ ಕಟ್ಟುತ್ತಿದ್ದಳು. ಮೊಣಕೈ ತನಕ ಜಿಡ್ಡು, ಪುಡಿಗೆ ಮಳೆಹನಿ ಬಿದ್ದರೆ ಆ ವಾಸನೆ. ನಾನು ಗಾಳಿ ಬರುವ ದಿಕ್ಕಿಗೆ ನಿಂತು, ಮೂಗಿಗೆ ಕರವಸ್ತ್ರ ಒತ್ತಿ, ಎಷ್ಟು ಹಾಕಿದಳು ಎಂದು ಬರೆದುಕೊಳ್ಳುತ್ತಿದ್ದೆ.

"ಒಂದ ಕೈ ಮೂಗಿಗಿ, ಒಂದ ಕೈ ಪುಸ್ತಕಕ್ಕ. ಕೆಲಸಕ್ಕ ಯಾವ ಕೈರೀ?" ಎಂದು ಅವಳು ಕೇಳಿದ್ದುಂಟು. ನಾನು ಉಂಡೆಗಳ ಲೆಕ್ಕ ಬರೆದುಕೊಳ್ಳುತ್ತಿದ್ದೆ.

ಮೂರನೇ ವಾರ ಹನುಮವ್ವ ಜ್ವರ ಬಂದು ಎರಡು ದಿನ ಮಲಗಿದಳು. ಬೇರೆಯವರು ಎರಡು ತೊಟ್ಟಿಗೆ ಮೇವು ಹಾಕಿ ಎರಡನ್ನು ಮರೆತರು. ಮರುದಿನ ಮರೆತ ತೊಟ್ಟಿಯೊಂದಕ್ಕೆ ಬಗ್ಗಿ ನೋಡಿದೆ. ಒಂದು ಮರಿಯ ಬಾಯಿಂದ ಅದರದೇ ಅಳತೆಯ ಇನ್ನೊಂದು ಮರಿಯ ಬಾಲ ಹೊರಗೆ ಚಾಚಿತ್ತು. ಬಾಲ ಇನ್ನೂ ಅಲುಗುತ್ತಿತ್ತು. ತಿನ್ನುತ್ತಿದ್ದ ಮರಿಗೆ ನುಂಗಲಾಗದು, ಉಗುಳಲಾಗದು. ಪಕ್ಕದಲ್ಲಿ ನಾಲ್ಕು ಮರಿ ಸರದಿ ಕಾಯುವವರ ಹಾಗೆ ಈಜುತ್ತಿದ್ದವು. ಎಲ್ಲ ಒಂದೇ ತಾಯಿಯವು. ನಾನು ಸೇತುವೆಯ ತನಕ ಹೋಗಿ ಕೂತು ಬಂದೆ.

ಹನುಮವ್ವ ಜ್ವರ ಬಿಟ್ಟು ಬಂದಾಗ ಅವಳಿಗೆ ಹೇಳಿದೆ. "ಎಂಥಾ ಹೊಲಸು ಜಾತಿ ಇದು," ಎಂದೆ.

"ಜಾತಿ ಅಲ್ರೀ, ಹೊಟ್ಟಿ," ಎಂದಳು. ನನ್ನನ್ನು ತೊಟ್ಟಿಯಿಂದ ತೊಟ್ಟಿಗೆ ಕರೆದುಕೊಂಡು ಹೋದಳು. ಮೇವು ಬಿದ್ದಿದ್ದ ತೊಟ್ಟಿಯ ಮೇಲೆ ಸೆರಗು ಆಡಿಸಿದಳು. ನೆರಳು ಬಿದ್ದದ್ದೇ ಮರಿಗಳೆಲ್ಲ ನೀರ ಮೇಲೆ ತೇಲುವ ಅಂತರಗಂಗೆ ಸೊಪ್ಪಿನ ಬೇರಿನೊಳಗೆ ಮಾಯ. ಹಸಿದಿದ್ದ ತೊಟ್ಟಿಯ ಮೇಲೂ ಆಡಿಸಿದಳು. ಅಲ್ಲಿ ಒಂದೂ ಓಡಲಿಲ್ಲ. ನೆರಳಿನ ಕಡೆಗೇ ಬಾಯಿ ತೆರೆದು ಮೇಲೆ ಬಂದವು.

"ಹೊಟ್ಟಿ ತುಂಬಿದ ಮರಿಗಿ ಅಂಜಿಕಿ ಇರ್ತದ. ಹಸದದ್ದಕ್ಕ ಎಲ್ಲೀ ಅಂಜಿಕಿ? ಕೊಕ್ಕರಿ ಬಂದ್ರೂ ಊಟ ಬಂತು ಅಂತಾವ. ಅದ್ರಾಗ ಮುಚ್ಚಿಗೊಳ್ಳಾಕ ಒಂದ ಎಲಿ ಇಲ್ಲಂದ್ರ ಮುಗೀತು, ಒಂದರ ಮಾರಿ ಒಂದಕ್ಕ ತಿನ್ನೋದಾಗೇ ಕಾಣ್ತದ."

ಅಂದಿನಿಂದ ಒಂದು ತಿಂಗಳು ನಾನು ನೋಟ್‌ಬುಕ್ಕಿನಲ್ಲಿ ಇದನ್ನೇ ಬರೆದೆ. ದಿನಕ್ಕೆ ಮೂರು ಸಲ ಮೇವು, ಅಂತರಗಂಗೆಯ ನೆರಳು ಇದ್ದ ತೊಟ್ಟಿಯಲ್ಲಿ ಮರಿಗಳು ಗುಂಪಾಗಿ ಇರುತ್ತಿದ್ದವು, ಒಂದೇ ಸಮ ಬೆಳೆಯುತ್ತಿದ್ದವು. ಮೇವು ತಡವಾದ, ಬೋಳು ತೊಟ್ಟಿಯಲ್ಲಿ ಗುಂಪು ಒಡೆಯುತ್ತಿತ್ತು. ನಾಲ್ಕಾರು ಮರಿ ಬೇಗ ದೊಡ್ಡವಾಗುತ್ತಿದ್ದವು, ಮೂಲೆ ಹಿಡಿದು ನಿಲ್ಲುತ್ತಿದ್ದವು, ಆಮೇಲೆ ಮೇವು ಕೊಟ್ಟರೂ ತಮ್ಮ ಹೊಸ ಚಟ ಬಿಡುತ್ತಿರಲಿಲ್ಲ. ಅಂಥವನ್ನು ಹನುಮವ್ವ ಆರಿಸಿ ಬೇರೆ ಹೊಂಡಕ್ಕೆ ಬಿಡುತ್ತಿದ್ದಳು. ಹೇಳುತ್ತಿದ್ದವಳು ಅವಳು, ಬರೆಯುತ್ತಿದ್ದವನು ನಾನು.

ಅವಳು ಅಷ್ಟು ಜೀವ ತೇಯಲು ಕಾರಣವಿತ್ತು. ಮರಿಗಳು ಅವಳ ಊರಿನ ಕೆರೆಗೇ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿಯ ಹೆಂಗಸರ ಗುಂಪು ಕೆರೆ ಹಿಡಿದಿತ್ತು. ಮರಿ ಚೆನ್ನಾಗಿ ಬಂದರೆ ಕೆರೆ ನೋಡಿಕೊಳ್ಳುವ ಕಾಯಂ ಕೆಲಸ ಹನುಮವ್ವನಿಗೇ ಎಂದು ಸಂಘದವರು ಮಾತು ಕೊಟ್ಟಿದ್ದರು. ಬೇರೆಯವರ ಗದ್ದೆಯಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಗಿದ್ದವಳು. "ಮರಿ ಜೋಡಿ ನಾನೂ ನಮ್ಮೂರಿಗಿ ಹೊಂಟೀನಿ," ಎಂದು ಕಲ್ಲೂರಿನ ಅರ್ಧ ಊರಿಗೆ ಹೇಳಿದ್ದಳು.

ಶ್ರಾವಣ ಹಿಡಿದ ಮೇಲೆ ಮರಿ ವಿತರಣೆಯ ಕಾರ್ಯಕ್ರಮ ಗೊತ್ತಾಯಿತು. ಯಾರೋ ದೊಡ್ಡವರು ಬಂದು ತಮ್ಮ ಕೈಯಿಂದ ಮರಿ ಕೊಡುವುದು, ಫೋಟೋ ತೆಗೆಸುವುದು. ಬಸವಂತರಾಯನಿಗೆ ಮೈಯೆಲ್ಲ ಕೈಯಾಯಿತು. ಶೆಡ್ಡಿಗೆ ಸುಣ್ಣ ಬಂತು. "ದೊಡ್ಡವರು ನೋಡಿದ್ರ ನೀರು ಕನ್ನಡಿ ಇದ್ದಂಗಿರಬೇಕು," ಎಂದು ಅಂತರಗಂಗೆಯನ್ನೆಲ್ಲ ಕಿತ್ತು ದಂಡೆಗೆ ಎಸೆಸಿದ. ನಾಲ್ಕೂ ತೊಟ್ಟಿಯ ಮರಿಗಳನ್ನು ಬಟ್ಟಲಿನಿಂದ ಅಳೆದು, ಎಲ್ಲರಿಗೂ ಕಾಣಲಿ ಎಂದು ಬಾಗಿಲ ಹತ್ತಿರದ ಒಂದೇ ತೊಟ್ಟಿಗೆ ಸುರಿಸಿದ. ಎರಡು ದಿನ ಮೊದಲೇ ಉಪವಾಸಕ್ಕೂ ಹಾಕಿದ.

"ಇವಕ್ಕ ಉಪವಾಸ ನಡ್ಯಂಗಿಲ್ರೀ ಸಾಹೇಬ್ರ," ಎಂದು ಹನುಮವ್ವ ಹೇಳಿದಳು.

"ನೀ ಎಷ್ಟ ವರ್ಷ ಮರಿ ಕಳಿಸೀದಿ?" ಎಂದು ಬಸವಂತರಾಯ ಕೇಳಿದ.

ಎರಡನೇ ದಿನ ಸಂಜೆ, ದೊಡ್ಡವರಿಗೆ ಬೇರೆ ಕೆಲಸ ಬಂದಿದೆ, ಇನ್ನೆರಡು ದಿನ ಬಿಟ್ಟು ಬರುತ್ತಾರೆಂದು ಫೋನ್ ಬಂತು. ಮೇವು ಮತ್ತೆ ಶುರು ಮಾಡೋಣವೇ ಎಂದು ನಾನು ಕೇಳಿದೆ. "ತಿನ್ನಿಸಿ ಮತ್ತ ಹೊಟ್ಟಿ ಖಾಲಿ ಮಾಡಿಸಾಕ ಟೈಮ್ ಎಲ್ಲೈತ್ರಿ? ಇರಲಿ ಬಿಡ್ರಿ," ಎಂದ. ಇನ್ನೊಂದು ಮಾತು ಆಡಬಹುದಿತ್ತು. ನೋಟ್‌ಬುಕ್ಕು ನನ್ನ ಜೇಬಿನಲ್ಲೇ ಇತ್ತು. ಮುಂದಿನ ವಾರ ನನ್ನ ಗುತ್ತಿಗೆ ಮುಗಿಯುತ್ತಿತ್ತು, ಮುಂದುವರಿಸಲು ಅವನ ಒಂದು ಸಾಲಿನ ಶಿಫಾರಸು ಬೇಕಿತ್ತು. ನೋಟ್‌ಬುಕ್ಕನ್ನು ಹೊರಗೆ ತೆಗೆಯಲಿಲ್ಲ.

ಆದರೆ ತೊಟ್ಟಿಯ ಕಡೆ ನೋಡಲಾಗುತ್ತಿರಲಿಲ್ಲ. ನೀರು ಕನ್ನಡಿಯಂತೆಯೇ ಇತ್ತು, ಆದ್ದರಿಂದ ಎಲ್ಲ ಕಾಣುತ್ತಿತ್ತು. ಕಣ್ಣು ಕಿತ್ತ ಮರಿ, ಬಾಲವಿಲ್ಲದ ಮರಿ, ಅರ್ಧ ನುಂಗಿಸಿಕೊಂಡ ಮರಿ. ಹೊಟ್ಟೆ ಉಬ್ಬಿದ ಕೆಲವು ಕೆಳಗೆ ಮಲಗಿದ್ದವು. ಹೊರಡುವ ಹೊತ್ತಿಗೆ ಹನುಮವ್ವನನ್ನು ಪಕ್ಕಕ್ಕೆ ಕರೆದು, "ಮುಂಜಾನಿ ಅವರು ಬರೋದರೊಳಗ ಒಂದೀಟು ಏನರ ಹಾಕಿಬಿಡು," ಎಂದೆ. ನಾನೇ ಹಾಕಬಹುದಿತ್ತು. ಕೋಳಿಯ ಕರುಳು, ಮೊಟ್ಟೆ ಮುಟ್ಟುವ ಯೋಚನೆಯೇ ಬರಲಿಲ್ಲ. ನನ್ನದು ಬರೆದುಕೊಳ್ಳುವ ಕೆಲಸವಲ್ಲವೇ.

ಹನುಮವ್ವ ಮರುದಿನ ಬೆಳಗಾಗುತ್ತಲೇ ಮನೆಯಿಂದ ನಾಲ್ಕು ಮೊಟ್ಟೆ ಕುದಿಸಿ, ಹಿಸುಕಿ, ಮುಚ್ಚಳದ ಡಬ್ಬಿಯಲ್ಲಿ ತಂದು ಹಾಕಿ ಹೋದಳು. ಅದರ ಮರುದಿನವೂ ತಂದಳು. ಅವತ್ತೇ ದೊಡ್ಡವರು ಬರುವ ದಿನ. ತಯಾರಿಗೆಂದು ಬಸವಂತರಾಯ ಬೇಗ ಬಂದಿದ್ದ. ಹನುಮವ್ವ ಡಬ್ಬಿ ಹಿಡಿದು ತೊಟ್ಟಿಯ ಕಡೆಯಿಂದ ಬರುವುದನ್ನು ಕಂಡ. ಡಬ್ಬಿ ಖಾಲಿಯಿತ್ತು, ಒದ್ದೆಯಿತ್ತು. ಕಸಿದುಕೊಂಡು ಶೆಡ್ಡಿನಲ್ಲಿ ಇಟ್ಟ. ನಂತರ ಚೀಲಕ್ಕೆ ತುಂಬಲು ಮರಿ ಅಳೆಸಿದರೆ ಎರಡು ಸಾವಿರವೂ ಆಗಲಿಲ್ಲ.

ನಾನು ಹೋಗುವಷ್ಟರಲ್ಲಿ ಎಲ್ಲರೂ ತೊಟ್ಟಿಯ ಸುತ್ತ ನಿಂತಿದ್ದರು. ಕೆಲಸದವರು, ಶಾಮಿಯಾನ ಹಾಕಲು ಬಂದವರು, ದೇವದುರ್ಗದ ಕಡೆಯಿಂದ ಮರಿ ಒಯ್ಯಲು ಬಂದಿದ್ದ ಹನುಮವ್ವನ ಊರಿನ ಮೂವರು ಹೆಂಗಸರು.

"ನಾಕ ಸಾವಿರ ಮರಿ ಎಲ್ಲಿ ಮಾರಿದಿ?" ಎಂದು ಬಸವಂತರಾಯ ಕೇಳುತ್ತಿದ್ದ.

"ನಾ ಮಾರಿಲ್ರೀ. ತಿಂದಾವ. ಉಪವಾಸಕ್ಕ ಹಾಕಿ ಬೋಳ ತೊಟ್ಟ್ಯಾಗ ಬಿಟ್ರ ತಿನ್ನದ ಏನ್ ಮಾಡ್ತಾವ?"

"ತಿಂದ್ರ ಒಂದ ಹೆಣ, ಒಂದ ಎಲಬು ಕಾಣಬೇಕಲ್ಲ. ಡಬ್ಬಿ ಯಾಕ ತಂದಿದ್ದಿ? ಯಾರು ತಾ ಅಂದ್ರು?"

ಹನುಮವ್ವ ನನ್ನ ಕಡೆ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಅವಳು ಕಾದಳೆಂದು ಈಗ ಅನ್ನಿಸುತ್ತದೆ. ಆಗಲೂ ಅನ್ನಿಸಿತ್ತು.

ಬಸವಂತರಾಯ ನನ್ನ ಕಡೆ ತಿರುಗಿದ. "ನೀವು ಓದಿದವರು, ನೀವ ಹೇಳ್ರಿ ಆಚಾರ್ರ. ನಾಕ ದಿನದಾಗ ನಾಕ ಸಾವಿರ ಮರಿ ತಮ್ಮ ತಮ್ಮನ್ನ ತಾವ ತಿಂತಾವೇನ್ರಿ?"

ತಿನ್ನುತ್ತವೆ ಎಂಬುದು ನನ್ನ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಇತ್ತು. ನನ್ನದೇ ಅಕ್ಷರದಲ್ಲಿ ಇತ್ತು.

"ಹಂಗ ಖಾತ್ರಿ ಹೇಳಾಕ ಬರಂಗಿಲ್ರಿ," ಎಂದೆ.

ಈಗ ಯೋಚಿಸಿದರೆ, ಇಡೀ ಆಯುಷ್ಯದಲ್ಲಿ ನನ್ನ ಬಾಯಿಂದ ಅದಕ್ಕಿಂತ ಹೊಲಸು ಮಾತು ಬಂದಿಲ್ಲ. ಬೈಗುಳವಾದರೂ ವಾಸಿ, ಅದಕ್ಕೆ ಬೆನ್ನೆಲುಬು ಇರುತ್ತದೆ.

ಹನುಮವ್ವ ಬಗ್ಗಿ ತೊಟ್ಟಿಗೆ ಕೈ ಹಾಕಿ ಹೊಟ್ಟೆ ಉಬ್ಬಿದ ಒಂದು ಮರಿ ಹಿಡಿದಳು. ಹೆಬ್ಬೆರಳ ಉಗುರಿನಿಂದ ಹೊಟ್ಟೆ ಸೀಳಿದಳು. ಒಳಗಿಂದ ಇನ್ನೊಂದು ಮರಿ ಬಂತು, ಮಡಚಿಕೊಂಡು, ಇಡಿಯಾಗಿ. ಕಣ್ಣು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಅದನ್ನು ತಂದು ನನ್ನ ಅಂಗೈ ಮೇಲೆ ಇಟ್ಟಳು.

"ಈಗರ ಹೇಳ್ರಿ," ಎಂದಳು.

ನಾನು ಮೊದಲ ಸಲ ಮೀನು ಮುಟ್ಟಿದ್ದು ಹಾಗೆ. ತಣ್ಣಗಿತ್ತು, ಅಂಟಂಟಾಗಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಕೇಳಿತು. ದೊಡ್ಡವರ ಕಾರು. ಎಲ್ಲರ ಮುಖ ಅತ್ತ ತಿರುಗಿತು, ಬಸವಂತರಾಯ ಹಾರ ಹಿಡಿದು ಓಡಿದ. ನಾನು ಅಂಗೈಯನ್ನು ತೊಟ್ಟಿಯ ಮೇಲೆ ಓರೆ ಮಾಡಿದೆ. ಅದು ನೀರಿಗೆ ಬಿತ್ತು. ತಳ ಮುಟ್ಟುವುದಕ್ಕೂ ಬಿಡಲಿಲ್ಲ, ಮೂರು ಮರಿ ಹರಿದುಕೊಂಡು ತಿಂದವು. ಎಲ್ಲರೂ ಕಾರು ನೋಡುತ್ತಿದ್ದರು, ಹನುಮವ್ವ ಒಬ್ಬಳು ನನ್ನ ಕೈ ನೋಡುತ್ತಿದ್ದಳು.

ಉಳಿದದ್ದು ಬೇಗ ಮುಗಿಯಿತು. ದೊಡ್ಡವರು ಬಂದರು, ಮೂಗು ಮುಚ್ಚಿಕೊಂಡರು, ಫೋಟೋಕ್ಕೆ ಮಾತ್ರ ಕರವಸ್ತ್ರ ತೆಗೆದರು. ಮರಿಚೀಲ ಕೊಡುವಾಗ ನಾನು ಅವರ ಹಿಂದೆ ಕೈ ತೊಳೆದುಕೊಂಡು ನಿಂತಿದ್ದೆ. ಶಾಲು, ಪೇಟ, ಮಸಾಲೆ ವಡೆ ಎಲ್ಲ ಆಯಿತು. ಹನುಮವ್ವನ ಊರಿನ ಹೆಂಗಸರು ಚೀಲಗಳನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಅವಳನ್ನು ಬಿಟ್ಟು ಹೊರಟರು. ಕಳವಿನ ಮಾತು ಅವಳಿಗಿಂತ ಮೊದಲೇ ಅವಳ ಊರು ಮುಟ್ಟಿತು. ಕೆರೆಯ ಕೆಲಸ ಬೇರೆಯವರಿಗೆ ಹೋಯಿತೆಂದು ಆಮೇಲೆ ಕೇಳಿದೆ.

ನನ್ನ ಗುತ್ತಿಗೆ ಮುಂದುವರಿಯಿತು. ಬಸವಂತರಾಯ ನಿವೃತ್ತನಾದ ಮೇಲೆ ಆ ನೋಟ್‌ಬುಕ್ಕು ಹೊರಗೆ ತೆಗೆದೆ. ಅದರಿಂದಲೇ ನನಗೆ ಹೆಸರು ಬಂತು, ರಾಯಚೂರಿನಲ್ಲಿ ಕಾಯಂ ಕೆಲಸ ಬಂತು. ಈಗ ದೇವದುರ್ಗ, ಮಾನ್ವಿ, ಕಲ್ಮಲದ ಕಡೆಯ ರೈತರು ನನ್ನನ್ನು ಕೊರಮೀನು ಆಚಾರ್ರು ಎನ್ನುತ್ತಾರೆ. ತರಬೇತಿಯಲ್ಲಿ ನಾನು ಮೊದಲು ಹೇಳುವುದೇ, ಕೊರಮೀನು ಮರಿಯನ್ನು ಉಪವಾಸಕ್ಕೆ ಹಾಕಬೇಡಿ, ನೀರಿನಲ್ಲಿ ಸೊಪ್ಪು ಬಿಡಿ, ಹೊಟ್ಟೆ ತುಂಬಿದ ಮರಿಗೆ ಅಂಜಿಕೆ ಇರುತ್ತದೆ ಎಂದು. ಎಲ್ಲರೂ ಬರೆದುಕೊಳ್ಳುತ್ತಾರೆ. ಯಾರು ಹೇಳಿಕೊಟ್ಟರು ಎಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಕಾರ್ಯಕ್ರಮದ ಮರುದಿನ ಹನುಮವ್ವ ತನ್ನ ಡಬ್ಬಿ ಒಯ್ಯಲು ಕೇಂದ್ರಕ್ಕೆ ಬಂದಿದ್ದಳು. ಬಸವಂತರಾಯ ಇರಲಿಲ್ಲ. ನಾನೇ ಶೆಡ್ಡಿನಿಂದ ತಂದುಕೊಟ್ಟೆ. ಗೇಟಿನ ಆಚೆ ಅವಳು, ಈಚೆ ನಾನು. ತೆರೆಯಬಹುದಿತ್ತು, ಸಂದಿಯಿಂದಲೇ ಕೊಟ್ಟೆ.

"ತಪ್ಪಾತು ಹನುಮವ್ವ," ಎಂದೆ. "ಕೆಲಸ ಹೋಗ್ತದಂತ ಅಂಜಿದೆ."

ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಳಗೆ ಅಂಟಿದ್ದ ಮೊಟ್ಟೆ ಹಳಸಿ ನಾರುತ್ತಿತ್ತು. ಮತ್ತೆ ಮುಚ್ಚಿದಳು.

"ನಿನ್ನಿ ಮುಂಜಾನಿ ನೀವು ಉಂಡು ಬಂದಿದ್ರೇನ್ರಿ ಆಚಾರ್ರ?"

ಯಾಕೆ ಕೇಳುತ್ತಿದ್ದಾಳೆಂದು ತಿಳಿಯಲಿಲ್ಲ. "ಹೂಂ, ಉಂಡಿದ್ದೆ," ಎಂದೆ.

"ಆ ಮರಿ ನಾಕ ದಿನದಿಂದ ಹೊಟ್ಟಿ ತುಂಬ ಉಂಡಿದ್ದಿಲ್ರಿ," ಎಂದು ಹೇಳಿ, ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಲುವೆಯ ದಂಡೆ ಹಿಡಿದು ನಡೆದುಹೋದಳು.